ಬೆನ್ನಿನ ಚರ್ಮ

ಚರ್ಮದ ಕೆಲಸವನ್ನು ಹವ್ಯಾಸಕ್ಕೆಂದು ಹಿಡಿದವರು ಮಧುಗಿರಿಯಲ್ಲಿ ಈಗ ನಾಲ್ಕೈದು ಮಂದಿ ಇದ್ದಾರೆ. ಆಸ್ಪತ್ರೆಯ ಕಾಂಪೌಂಡರು ಕೈಚೀಲ ಹೊಲಿಯುತ್ತಾರೆ. ಡ್ರಿಲ್ ಮೇಷ್ಟ್ರು ಹರಿದ ಫುಟ್‌ಬಾಲಿನಿಂದ ಶುರುಮಾಡಿ ಬೆಲ್ಟಿನವರೆಗೆ ಬಂದಿದ್ದಾರೆ. ವಕೀಲರೊಬ್ಬರ ಹೆಂಡತಿ ಕನ್ನಡಕದ ಚೀಲ ಹೊಲಿದು ನೆಂಟರಿಗೆಲ್ಲ ಹಂಚುತ್ತಾರೆ. ಇವರೆಲ್ಲ ನನ್ನನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಯಾವ ಮಿಷನ್ನು ಕೊಳ್ಳಲಿ? ಮಿಷನ್ನು ಆಮೇಲೆ, ಮೊದಲು ಎರಡು ದಬ್ಬಳ, ಒಂದಿಷ್ಟು ನೂಲು, ಅಂಗೈಯಗಲದ ಒಂದು ಚೂರು ಚರ್ಮ ತನ್ನಿ ಅಂದೆ. ಅವರಿಗೆ ನಿರಾಸೆಯಾಯಿತು. ನನಗೂ ಹಿಂದೊಮ್ಮೆ ಹಾಗೇ ಆಗಿತ್ತು. ಆ ಮಾತು ನನ್ನದಲ್ಲ, ಶಿರಾದ ಒಬ್ಬ ಹೆಂಗಸಿನದು. ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಬೇಡವಿತ್ತೆಂದಲ್ಲ, ಬಹಳ ಖುಷಿಯಾಗುತ್ತಿತ್ತು. ಮನೆಯವರನ್ನು ಕೇಳದೆ ಬರೆಯುವುದು ಸರಿಯಲ್ಲ, ಅಷ್ಟೇ. ನಾನು ಅವರನ್ನು ಖಾಲಾ ಎಂದು ಕರೆಯುತ್ತಿದ್ದೆ. ಅವರ ಮಾತಿನಲ್ಲಿ ಹಾಗೆಂದರೆ ಚಿಕ್ಕಮ್ಮ.

ನನ್ನ ಎಡಗಾಲು ಸಣ್ಣದು. ಮಗುವಾಗಿದ್ದಾಗ ಜ್ವರ ಬಂದು, ಜ್ವರ ಇಳಿದಾಗ ಕಾಲಿನ ಶಕ್ತಿಯೂ ಇಳಿದುಹೋಗಿತ್ತು. ಮದುವೆಯ ಮಾತು ಬಿಟ್ಟು ಅಪ್ಪ ನನ್ನನ್ನು ಓದಿಸಿದರು, ಓದಿ ಶಿರಾದಲ್ಲಿ ಉಪಾಧ್ಯಾಯಿನಿಯಾದೆ. ಬೆಂಗಳೂರಿನಲ್ಲಿ ಬೂಟು ಹೊಲಿಯುವವರೊಬ್ಬರು ದಪ್ಪ ಅಟ್ಟೆಯ ಬೂಟು ಮಾಡಿಕೊಟ್ಟಿದ್ದರು. ಅದರ ಎರಡು ಪಕ್ಕಕ್ಕೂ ಕಬ್ಬಿಣದ ಸರಳು, ಸರಳುಗಳನ್ನು ಮೊಣಕಾಲಿನ ಕೆಳಗೆ ಬಿಗಿಯಲು ಎರಡು ಚರ್ಮದ ಪಟ್ಟಿ. ಬೂಟು ಗಟ್ಟಿ, ಸರಳು ಗಟ್ಟಿ, ಪಟ್ಟಿಗಳು ಮಾತ್ರ ಮೂರು ನಾಲ್ಕು ತಿಂಗಳಿಗೆ ಹರಿಯುತ್ತಿದ್ದವು. ಹೊಸದು ಬೇಕೆಂದು ಬರೆದರೆ ಬರುವುದಕ್ಕೆ ಇನ್ನೊಂದು ತಿಂಗಳು. ಒಮ್ಮೆ ಪಾಠ ಮಾಡುತ್ತಿದ್ದಾಗಲೇ ಪಟ್ಟಿ ಹರಿದು, ಕಪ್ಪು ಹಲಗೆಯನ್ನು ಹಿಡಿದುಕೊಳ್ಳಲು ಹೋಗಿ ಹಲಗೆಯ ಸಮೇತ ಬಿದ್ದೆ. ಮಕ್ಕಳು ನಗಲಿಲ್ಲ. ಅವರು ನಗದೆ ಸುಮ್ಮನೆ ಕೂತದ್ದಕ್ಕೇ ನನಗೆ ಹೆಚ್ಚು ನೋವಾಯಿತು.

ಆ ಬೇಸಿಗೆಯ ರಜೆಯಲ್ಲಿ ನನ್ನ ಪಟ್ಟಿಯನ್ನು ನಾನೇ ಹೊಲಿದುಕೊಳ್ಳುತ್ತೇನೆಂದು ನಿಶ್ಚಯಿಸಿದೆ. ನಮ್ಮೂರು ಮಧುಗಿರಿಯ ದರ್ಜಿಯೊಬ್ಬರಿಂದ ಹಳೆಯ ಕೈಮಿಷನ್ನು ಕೊಂಡೆ. ನಮ್ಮದು ಜವಳಿ ಅಂಗಡಿಯ ಶೈವರ ಮನೆ, ಬಟ್ಟೆಗೆ ಬರವಿರಲಿಲ್ಲ, ಮಿಷನ್ನು ಬಂದದ್ದಕ್ಕೂ ಯಾರ ತಕರಾರೂ ಇರಲಿಲ್ಲ. ಅದರ ಕೆಳಗೆ ಚರ್ಮ ಕಂಡಾಗ ಅಣ್ಣನ ಮುಖ ಬದಲಾಯಿತು.

"ಕೊರಳಾಗೆ ಲಿಂಗ, ಕೈಯಾಗೆ ತೊಗಲು. ಇದು ಸರೀನಾ?" ಅಂದ.

"ಕಾಲ ಮೇಲೆ ಹಗಲೆಲ್ಲ ಇರ್ತದೆ. ಕೈ ಮೇಲೆ ಒಂದು ಗಳಿಗೆ ಇದ್ರೆ ಏನಾಗ್ತದೆ?" ಅಂದೆ.

ಅಣ್ಣ ಮಿಷನ್ನನ್ನು ಹಿತ್ತಿಲ ಕೊಟ್ಟಿಗೆಗೆ ಸಾಗಿಸಿದ. ಅಲ್ಲಿ ಕೂತು ಒಂದೇ ದಿನ ಆರು ಸೂಜಿ ಮುರಿದೆ. ಏಳನೆಯದು ಮುರಿಯಲಿಲ್ಲ, ಚರ್ಮದೊಳಗೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ರಜೆ ಮುಗಿದು ಶಿರಾಕ್ಕೆ ಹೊರಟಾಗ ಮಿಷನ್ನನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ.

ಶಿರಾದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನೀರು ತರುತ್ತಿದ್ದ ಹೆಂಗಸು ನನ್ನ ಪಾಡು ನೋಡಿ, ಕೋಟೆ ಕಡೆಯ ಓಣಿಯಲ್ಲಿ ಜೀನು ಹೊಲಿಯುವ ಸಾಬರೊಬ್ಬರು ಇದ್ದಾರೆ, ಹತ್ತೂರಿನ ಕುದುರೆಗಳಿಗೆ ಅವರದೇ ಜೀನು ಎಂದಳು. ಹೋದೆ. ಮನೆಯ ಮುಂದಿನ ಜಗುಲಿಯೇ ಅಂಗಡಿ. ಸಾಬರು ಬಿಳಿ ಗಡ್ಡದ, ಬಹಳ ಮರ್ಯಾದೆಯ ಮನುಷ್ಯ. ಎರಡು ಕೈಗಳನ್ನೂ ಶಾಲಿನ ಒಳಗೆ ಇಟ್ಟುಕೊಂಡು ಕೂತಿದ್ದರು. ಹಿಂದೆ ಬಾಗಿಲಿಗೆ ಬಿದಿರಿನ ಪರದೆ. ನನ್ನ ಕಾಲಿನ ಪಟ್ಟಿಯನ್ನು ಅವರಿಗೆ ತೋರಿಸಬೇಕಿತ್ತು. ಗಂಡಸಿನ ಎದುರು ಸೀರೆ ಎತ್ತಿ ತೋರಿಸುವುದು ಹೇಗೆಂದು ನಾನು ತಡವರಿಸುತ್ತಿದ್ದಾಗ ಅವರೇ ಪರದೆಯ ಕಡೆ ಕಣ್ಣು ಮಾಡಿ, ಒಳಗೆ ಹೋಗಿ ನಮ್ಮ ಮನೆಯವರಿಗೆ ತೋರಿಸಿ ಅಂದರು.

ಒಳಗೆ ಹೋದವಳು ಬಾಗಿಲಲ್ಲೇ ನಿಂತೆ. ಬೆಳಕಿಂಡಿಯ ಕೆಳಗೆ ಐವತ್ತರ ಹತ್ತಿರದ ಹೆಂಗಸೊಬ್ಬರು ಎರಡು ಮಂಡಿಗಳ ನಡುವೆ ಮರದ ಇಕ್ಕಳದಲ್ಲಿ ಚರ್ಮ ಕಚ್ಚಿಸಿ, ಎರಡು ಕೈಯಲ್ಲೂ ಒಂದೊಂದು ದಬ್ಬಳ ಹಿಡಿದು ಜೀನಿನ ಅಂಚು ಹೊಲಿಯುತ್ತಿದ್ದರು. ಪಕ್ಕದಲ್ಲಿ ಉದ್ದ ಮೂತಿಯ ಕಪ್ಪು ಮಿಷನ್ನು. ಹತ್ತೂರಿನ ಜೀನುಗಳು ಯಾರ ಕೈಯವೆಂದು ಆ ಕ್ಷಣ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು.

"ಇವ್ರ ಕೈ ನಡುಗ್ತವೆ. ಹನ್ನೊಂದು ವರ್ಷ ಆಯ್ತು. ಹೊರಗೆ ಹೇಳ್ಬೇಡಿ ಮೇಷ್ಟ್ರಮ್ಮ" ಅಂದರು. ಬೇಡಿಕೊಂಡ ಹಾಗಿರಲಿಲ್ಲ. ಮಕ್ಕಳಿಗೆ ನಾನು ಗಲಾಟೆ ಮಾಡಬೇಡಿ ಎನ್ನುವ ಹಾಗಿತ್ತು.

ನನ್ನ ಹರಿದ ಪಟ್ಟಿಯನ್ನು ಮೂಸಿ ನೋಡಿದರು, ಮಡಿಸಿ ನೋಡಿದರು, ಪಕ್ಕಕ್ಕೆ ಎಸೆದರು. ಹೊಲಿಗೆಯ ತೂತುಗಳು ಒಂದಕ್ಕೊಂದು ತೀರ ಹತ್ತಿರವಿದ್ದವು. ಅಂಚೆ ಚೀಟಿ ಹರಿಯುವುದಕ್ಕೆ ತೂತು ಹೊಡೆದಿರುವಂತೆ ಇದನ್ನೂ ಹರಿಯುವುದಕ್ಕೇ ಹೊಲಿದಿದ್ದಾರೆ ಎಂಬುದು ಅವರ ತೀರ್ಪು. ನಾನೇ ಕಲಿಯಬೇಕು ಅಂದಾಗ ನಗಲಿಲ್ಲ. ನಿಮ್ಮ ಮನೆಯಲ್ಲಿ ಒಪ್ಪುತ್ತಾರಾ ಎಂದು ಕೇಳಿದರು. ಇಲ್ಲ ಅಂದೆ. ಭಾನುವಾರ ಬಾ ಅಂದರು.

ಭಾನುವಾರ ಒಬ್ಬ ಗಾಡಿಯವನಿಂದ ನನ್ನ ಕೈಮಿಷನ್ನನ್ನು ಹೊರಿಸಿಕೊಂಡು ಹೋದೆ. ಖಾಲಾ ಅದರ ಹಿಡಿ ತಿರುಗಿಸಿ, ಕಿವಿಗೊಟ್ಟು ಕೇಳಿ, "ಇದು ಆಡು ಕಣಮ್ಮ. ಆಡಿನ ಹೆಗಲ ಮೇಲೆ ನೊಗ ಇಡಬಾರ್ದು" ಅಂದರು. ಆಡಿನ ತೆಳ್ಳನೆಯ ಚರ್ಮ ಎರಡು ಪದರ, ಅಷ್ಟಕ್ಕೆ ಆ ಮಿಷನ್ನು ಸಾಕು. ಹಣದ ಚೀಲ, ಪುಸ್ತಕದ ಹೊದಿಕೆ ಹೊಲಿಯಬಹುದು. ದನದ ದಪ್ಪ ಚರ್ಮವನ್ನು ಅದರ ಬಾಯಿಗೆ ಕೊಟ್ಟರೆ ಸೂಜಿ ಮುರಿಯುವುದು ಸೂಜಿಯ ತಪ್ಪಲ್ಲ. ಅವರ ಉದ್ದ ಮೂತಿಯ ಮಿಷನ್ನು ಅದಕ್ಕಿಂತ ಗಟ್ಟಿ, ಆದರೂ ತೂಕ ಹೊರುವ ಜಾಗವನ್ನು ಅವರು ಅದಕ್ಕೆ ಬಿಡುತ್ತಿರಲಿಲ್ಲ. ಮಿಷನ್ನಿನ ಹೊಲಿಗೆಯಲ್ಲಿ ಮೇಲಿನ ನೂಲೂ ಕೆಳಗಿನ ನೂಲೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದು ಹೋದರೆ ಇನ್ನೊಂದು ಕೈಬಿಡುತ್ತದೆ. ಎರಡು ದಬ್ಬಳದಿಂದ ಕೈಯಲ್ಲಿ ಹೊಲಿದರೆ ಪ್ರತಿ ತೂತಿನಲ್ಲೂ ಎರಡು ನೂಲು ಹಾಯುತ್ತವೆ, ಒಂದು ಸವೆದರೂ ಇನ್ನೊಂದು ನಿಲ್ಲುತ್ತದೆ. ಅಂದಕ್ಕೆ ಮಿಷನ್ನು, ಭಾರಕ್ಕೆ ಕೈ. ಇದನ್ನು ಕಲಿಸಲು ಅವರು ಎರಡು ಭಾನುವಾರ ತೆಗೆದುಕೊಂಡರು.

ಅವರು ಹೇಳಿಕೊಟ್ಟ ಉಳಿದದ್ದೂ ಇಂಥದೇ. ಬಟ್ಟೆಯ ಸೂಜಿ ಎಳೆಗಳ ನಡುವೆ ಜಾಗ ಮಾಡಿಕೊಂಡು ಹೋಗುತ್ತದೆ, ಚರ್ಮದಲ್ಲಿ ಎಳೆಯೇ ಇಲ್ಲ, ಆದ್ದರಿಂದ ಮೊನೆಯಲ್ಲಿ ಸಣ್ಣ ಅಲಗು ಇರುವ ಸೂಜಿ ಬೇಕು. ಅಂಥದು ಸಿಗದಿದ್ದಾಗ ಅವರೇ ಸಾಣೆಕಲ್ಲಿನ ಮೇಲೆ ಸೂಜಿಯನ್ನು ಮಸೆದುಕೊಳ್ಳುತ್ತಿದ್ದರು. ಕೈಹೊಲಿಗೆಯ ನೂಲಿಗೆ ಜೇನುಮೇಣ ತಿಕ್ಕಬೇಕು, ಮಿಷನ್ನಿನ ನೂಲಿಗೆ ತಿಕ್ಕಿದರೆ ಅದರ ಗಂಟಲು ಕಟ್ಟುತ್ತದೆ. ಮಿಷನ್ನಿನ ಹಲ್ಲಿನ ಗುರುತು ಚರ್ಮದ ಮೇಲೆ ಬೀಳದಂತೆ ಕೆಳಗೆ ಕಾಗದ ಇಡಬೇಕು. ಅದಕ್ಕೆ ನನ್ನ ಸ್ಕೂಲಿನ ಹಳೆಯ ಪರೀಕ್ಷೆಯ ಕಾಗದಗಳು ಬಂದವು, ಚರ್ಮವನ್ನು ಒತ್ತಿ ಹಿಡಿಯುವ ಮೇಲಿನ ಪಾದ ಅಂಟದೆ ಜಾರಲೆಂದು ಸೀಮೆಸುಣ್ಣದ ಪುಡಿಯೂ ಬಂತು. ಗಟ್ಟಿಯಾಗಲೆಂದು ಹೊಲಿಗೆಯ ಕೊನೆಯಲ್ಲಿ ಹಿಂದೆ ಮುಂದೆ ಓಡಿಸಬಾರದು. ನೂಲನ್ನು ಉದ್ದ ಬಿಟ್ಟು, ಹಿಂದಕ್ಕೆ ಎಳೆದು ಗಂಟು ಹಾಕಬೇಕು. ನಾನೊಮ್ಮೆ ತಪ್ಪಿ ಹೊಲಿದು, ಬಿಚ್ಚಿ ಇನ್ನೊಮ್ಮೆ ಹೊಲಿಯುತ್ತೇನೆ ಅಂದಾಗ ಚರ್ಮವನ್ನು ಬೆಳಕಿಗೆ ಹಿಡಿದು ತೂತುಗಳನ್ನು ತೋರಿಸಿದರು.

"ಬಟ್ಟೆ ಮರೀತದೆ. ಚರ್ಮ ಮರೆಯಲ್ಲ" ಅಂದರು.

ಇರಬಹುದು, ನೋಡೋಣ ಎಂಬ ಮಾತು ಅವರ ಬಾಯಲ್ಲಿ ಎಂದೂ ಬರುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಹೌದು, ಅಲ್ಲ, ಎರಡೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದಕ್ಕೂ ಅಷ್ಟೇ ಧೈರ್ಯ. ನೂಲು ಎಳೆದೆಳೆದು ಅವರ ಎರಡು ಕಿರುಬೆರಳುಗಳ ಬುಡದಲ್ಲೂ ಉಂಗುರದಂಥ ಗೀರು ಬಿದ್ದಿತ್ತು. ಕೆಲಸ ನಡುವೆ ನಿಲ್ಲಿಸಿ ಪರದೆಯ ಸಂದಿಯಿಂದ ಹೊರಗೆ ನೋಡುವುದು ಅವರ ಅಭ್ಯಾಸ. ಹೊರಗೆ ಸಾಬರು ಯಾರೊಡನೆಯೋ ಕುದುರೆಯ ಬೆನ್ನಿನ ಅಳತೆ ಮಾತಾಡುತ್ತಿರುತ್ತಿದ್ದರು. ಕೆಲಸ ಕಲಿಸಿದ್ದು ಇವರೇ, ಈಗಲೂ ಕುದುರೆ ನೋಡಿ ಅಳತೆ ಹೇಳುವವರು ಇವರೇ ಎಂದು ಖಾಲಾ ನನಗೆ ಎಷ್ಟೋ ಸಲ ಹೇಳಿದರು. ಅದನ್ನು ನಾನು ಮರೆಯಬಾರದೆಂದು ಅವರ ಆಸೆ.

ಮೂರನೆಯ ತಿಂಗಳು ನನ್ನ ಪಟ್ಟಿಯ ಕೆಲಸಕ್ಕೆ ಕೈ ಹಾಕಿದೆವು. ಪಾವಗಡದ ಕಡೆಯಿಂದ, ನಿಡುಗಲ್ಲಿನ ಹತ್ತಿರದ ಹಟ್ಟಿಯಿಂದ, ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಅವರಿಗೆ ಬರುತ್ತಿತ್ತು. ಅರ್ಧ ಚರ್ಮವನ್ನು ನೆಲದ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ನನಗೊಂದು ದನದ ನಕ್ಷೆ ಬರೆದು ತೋರಿಸಿದರು. ಇದು ಕತ್ತು, ಇದು ಹೊಟ್ಟೆ, ಇದು ಬೆನ್ನು. ಹೊಟ್ಟೆಯ ಚರ್ಮ ನೋಡುವುದಕ್ಕೆ ಚೆಂದ, ಹೊಲಿಯುವುದಕ್ಕೆ ಸುಲಭ, ಆದರೆ ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ಒಂದು ದಿನ ಹರಿಯುತ್ತದೆ. ಭಾರ ಹೊರುವ ಪಟ್ಟಿಯನ್ನು ಬೆನ್ನಿನಿಂದಲೇ ಕತ್ತರಿಸಬೇಕು, ಬೇರೆ ಮಾತಿಲ್ಲ. ಆ ಸಲದ ಚರ್ಮದಲ್ಲಿ ಒಳ್ಳೆಯ ಬೆನ್ನು ಉಳಿದದ್ದು ಒಂದೇ ತುಂಡು. ಅದನ್ನು ರಂಪಿಗೆಯಿಂದ ಉದ್ದಕ್ಕೆ ಸೀಳಿ ನನಗೆ ಎರಡು ಪಟ್ಟಿ ಕತ್ತರಿಸಿದರು. ನಾನೇ ಹೊಲಿದೆ. ನಾಲ್ಕು ಅಂಗುಲ ಹೊಲಿಯಲು ಒಂದು ಮಧ್ಯಾಹ್ನ ಹಿಡಿಯಿತು. ಕಟ್ಟಿಕೊಂಡು ಅವರ ಅಂಗಳದಲ್ಲಿ ನಡೆದಾಗ ಸರಳು ಅಲುಗಲಿಲ್ಲ. ಖಾಲಾ ನನ್ನ ಮುಖ ನೋಡಲಿಲ್ಲ, ಪಟ್ಟಿಯನ್ನೇ ನೋಡುತ್ತಿದ್ದರು.

ಮುಂದಿನ ಭಾನುವಾರ ಹೋದಾಗ ಅವರು ಅಗಲವಾದ ಒಂದು ಪಟ್ಟಿಯನ್ನು ಎರಡು ಪದರ ಮಾಡಿ ಹೊಲಿಯುತ್ತಿದ್ದರು. ಕೊರಟಗೆರೆ ಕಡೆಯ ಎರಡು ಹಳ್ಳಿಗಳ ಒಡೆಯರಾದ ಜೋಡಿದಾರರ ಕುದುರೆಗೆ, ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಅದು. ಜೋಡಿದಾರರು ನೆಂಟರ ಮದುವೆಗೆ ಹೊರಟಿದ್ದರು, ಅವಸರ. ಯಾಕೆ ಎರಡು ಪದರ ಎಂದು ನಾನು ಕೇಳಲಿಲ್ಲ, ಇದೂ ಒಂದು ಬಗೆ ಇರಬೇಕು ಎಂದುಕೊಂಡೆ.

ಇಪ್ಪತ್ತು ದಿನ ಕಳೆದಿರಬೇಕು. ನಾನು ಒಳಗೆ ಕೂತು ಮೇಣ ತಿಕ್ಕುತ್ತಿದ್ದೆ. ಹೊರಗೆ ಗಾಡಿ ನಿಂತ ಸದ್ದು, ಎತ್ತರದ ಗಂಡು ಧ್ವನಿ. ಜೋಡಿದಾರರು ಬಲಗೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಬಂದಿದ್ದರು, ಜೊತೆಗೆ ಇಬ್ಬರು ಆಳುಗಳು. ಹಳ್ಳ ದಾಟುವಾಗ ಪಟ್ಟಿ ಹರಿದು, ಜೀನು ಜಾರಿ, ಬಂಡೆಯ ಮೇಲೆ ಬಿದ್ದು ಭುಜದ ಮೂಳೆ ಮುರಿದಿತ್ತು. ಆಳು ಹರಿದ ಪಟ್ಟಿಯನ್ನು ಜಗುಲಿಯ ಮೇಲೆ ಎಸೆದ. ಓಣಿಯವರೆಲ್ಲ ಸೇರಿದರು.

ಜೋಡಿದಾರರು ಬಾಯಿಗೆ ಬಂದಂತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಿಮ್ಮ ತಂದೆಯವರ ಕಾಲದಿಂದ ನಿಮ್ಮ ಮನೆಯ ಜೀನಿನ ಮೇಲೆ ಕೂತವರು ನಾವು, ಕಣ್ಣು ಮುಚ್ಚಿ ಕೂರುತ್ತಿದ್ದೆವು, ಹೊಲಿದದ್ದು ಹೇಗೆಂದು ಒಮ್ಮೆ ತೋರಿಸಿ ಅಂದರು. ಸಾಬರು ಹರಿದ ಪಟ್ಟಿಯನ್ನೇ ನೋಡುತ್ತ ಕೂತಿದ್ದರು. ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಬೇಕಿದ್ದರೆ ಶಾಲಿನಿಂದ ಕೈ ಹೊರತೆಗೆಯಬೇಕು. ಅವರ ಹೆಗಲು ನಡುಗುತ್ತಿದ್ದದ್ದು ಪರದೆಯ ಸಂದಿಯಿಂದ ನನಗೂ ಕಾಣುತ್ತಿತ್ತು.

ಖಾಲಾ ದಬ್ಬಳಗಳನ್ನು ಮೇಣದ ಉಂಡೆಗೆ ಚುಚ್ಚಿಟ್ಟರು. ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ನಾನು ಅವರ ತೋಳು ಹಿಡಿದೆ ಎಂದು ಕಾಣುತ್ತದೆ, ಅವರು ನನ್ನ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟದ್ದು ನೆನಪಿದೆ. ಪರದೆಯನ್ನು ಸರಿಸಿ ಹೊರಗೆ ಹೋದರು. ಆ ಓಣಿಯ ಗಂಡಸರು ಅವರ ಮುಖ ಕಂಡದ್ದು ಅದೇ ಮೊದಲು.

ಪಟ್ಟಿಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. "ಹೊಲಿದಿದ್ದು ನಾನು ಸ್ವಾಮಿ, ಇವ್ರಲ್ಲ. ನೋಡಿ, ಹೊಲಿಗೆ ಬುಟ್ಟಿಲ್ಲ. ಚರ್ಮ ಹರಿದದೆ. ಚರ್ಮ ಆರಿಸಿದ್ದೂ ನಾನೇ. ಬೆನ್ನಿಂದು ಹಾಕ್ಬೇಕಿತ್ತು, ಹೊಟ್ಟೇದು ಹಾಕ್ದೆ. ಎರಡು ಪದರ ಮಾಡಿದ್ರೆ ತಡೀತದೆ ಅಂದ್ಕೊಂಡೆ. ತಪ್ಪು ನಂದು."

ಆಮೇಲೆ ಸಾಬರು ಶಾಲನ್ನು ತೆಗೆದು ಪಕ್ಕಕ್ಕಿಟ್ಟರು. ಎರಡು ಕೈಗಳನ್ನೂ ಮುಂದಕ್ಕೆ ಚಾಚಿದರು. ಗಾಳಿಗೆ ಸಿಕ್ಕ ಎಲೆಗಳ ಹಾಗೆ ಅವು ಅಲುಗಾಡುತ್ತಿದ್ದವು. "ಈ ಕೈಯಲ್ಲಿ ನಾನು ನನ್ನ ಅಂಗಿ ಗುಂಡೀನೂ ಹಾಕ್ಕೊಳ್ಳಾಕಾಗಲ್ಲ ಸ್ವಾಮಿ. ಹನ್ನೊಂದು ವರ್ಷದಿಂದ ನೀವು ಕೂತಿದ್ದು ಇವಳ ಕೈ ಮೇಲೆ" ಅಂದರು. ಮುಖದಲ್ಲಿ ನಾಚಿಕೆ ಇರಲಿಲ್ಲ. ಹೊತ್ತಿದ್ದ ಮೂಟೆಯನ್ನು ಕಟ್ಟೆಯ ಮೇಲೆ ಇಳಿಸಿದವರ ಹಾಗೆ ಉಸಿರು ಬಿಟ್ಟರು.

ಒಳಗಿದ್ದ ನನಗೆ ಆಗಲೇ ಅರ್ಥವಾಯಿತು. ಜೋಡಿದಾರರ ಕುದುರೆಗೆ ಸಲ್ಲಬೇಕಾಗಿದ್ದ ಬೆನ್ನಿನ ಚರ್ಮ ನನ್ನ ಕಾಲಿನ ಮೇಲಿತ್ತು. ಹೊರಗೆ ಹೋಗಿ ಹೇಳಬೇಕೆಂದು ಎದ್ದೆ. ಖಾಲಾ ತಿರುಗಿ ನನ್ನನ್ನು ನೋಡಿದರು. ಆ ನೋಟಕ್ಕೆ ಮತ್ತೆ ಕೂತೆ. ಕೂತದ್ದು ಸರಿಯೋ ತಪ್ಪೋ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ.

ಜೋಡಿದಾರರಿಗೆ ಬಿದ್ದದ್ದಕ್ಕಿಂತ ಹೆಂಗಸು ಹೊಲಿದ ಜೀನಿನ ಮೇಲೆ ಇಷ್ಟು ವರ್ಷ ಕೂತಿದ್ದೆ ಎಂಬುದೇ ದೊಡ್ಡ ಪೆಟ್ಟಾದಂತಿತ್ತು. ಅವರ ಆಳೊಬ್ಬ ನಕ್ಕ. ಅವರು ಅವನನ್ನು ಗದರಿ, ಬೇರೇನೂ ಹೇಳದೆ ಗಾಡಿ ಹತ್ತಿದರು. ಹದಿನೈದು ದಿನದ ಮೇಲೆ ಹೊಸ ಚರ್ಮ ಬಂತು. ಖಾಲಾ ನಡು ಬೆನ್ನಿನಿಂದ ಪಟ್ಟಿ ಕತ್ತರಿಸಿ, ಹೊಲಿದು, ಹೊಂಗೆ ಎಣ್ಣೆ ಉಜ್ಜಿ ಕೊರಟಗೆರೆಗೆ ಕಳಿಸಿದರು. ಅಲ್ಲಿಂದ ಮಾತಿಲ್ಲ.

ಊರಿನಲ್ಲಿ ಮಾತು ಬೇಕಾದಷ್ಟಾಯಿತು. ಕುದುರೆಯವರು ಬರುವುದು ನಿಂತಿತು. ಆರು ತಿಂಗಳು ಆ ಮನೆಯಲ್ಲಿ ಚಪ್ಪಲಿಯ ತೇಪೆ, ಚೀಲದ ಹಿಡಿ, ಅಷ್ಟೇ ಕೆಲಸ. ಖಾಲಾ ಕುಗ್ಗಲಿಲ್ಲ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದು ಬಿದಿರಿನ ಪರದೆಯನ್ನು ಸುತ್ತಿ ಮೇಲಕ್ಕೆ ಕಟ್ಟಿದರು. ಉದ್ದ ಮೂತಿಯ ಮಿಷನ್ನನ್ನು ಜಗುಲಿಗೆ ತರಿಸಿದರು. ಗಂಡನ ಪಕ್ಕದಲ್ಲೇ ಕೂತು, ಅವರು ಅಳತೆ ಹೇಳಿದಂತೆ ಎಲ್ಲರ ಕಣ್ಣೆದುರು ಕತ್ತರಿಸಿದರು. ಬೆಳಕು ಚೆನ್ನಾಗಿದೆ, ಇಷ್ಟು ವರ್ಷ ಸುಮ್ಮನೆ ಕಣ್ಣು ಕೆಡಿಸಿಕೊಂಡೆ ಎಂದು ನನಗೆ ಹೇಳಿದರು. ಮೊದಲು ತಿರುಗಿ ಬಂದವರು ಜಟಕಾ ಓಡಿಸುವವರು. ಅವರಿಗೆ ಯಾರ ಕೈ ಎಂಬುದಕ್ಕಿಂತ ಎಷ್ಟು ದಿನ ಬಾಳುತ್ತದೆ ಎಂಬುದು ಮುಖ್ಯ. ಒಂದು ವರ್ಷದ ಮೇಲೆ ಜೋಡಿದಾರರ ಆಳು ಜೀನು ಹೊತ್ತುಕೊಂಡು ಬಂದ, ಅಂದು ನಕ್ಕಿದ್ದವನೇ. ಒಳಗಿನ ತುಂಬು ಬದಲಾಯಿಸಬೇಕಂತೆ, "ಅಮ್ಮೋರ ಕೈಯಲ್ಲೇ ಮಾಡಿಸ್ಕೊಂಡು ಬಾ" ಅಂತ ಯಜಮಾನರು ಅಂದಿದ್ದಾರೆ ಎಂದ. ಖಾಲಾ ಜೀನನ್ನು ತೆಗೆದುಕೊಂಡು, ಈ ಸಲ ಒಂದು ತಿಂಗಳು ಬೇಕು ಎಂದು ಹೇಳಿ ಕಳಿಸಿದರು.

ನನಗೆ ಪಾವಗಡಕ್ಕೆ ವರ್ಗವಾಯಿತು. ಅಲ್ಲಿ ಸ್ವಂತ ದಬ್ಬಳ, ಸ್ವಂತ ಇಕ್ಕಳ ಮಾಡಿಕೊಂಡೆ. ಮೊದಲ ಜೋಡಿ ಪಟ್ಟಿ ನಾಲ್ಕು ವರ್ಷ ಬಾಳಿದವು. ಎರಡನೆಯ ಜೋಡಿಗೆ ಚರ್ಮ ಆರಿಸಿ, ಕತ್ತರಿಸಿ, ಹೊಲಿದದ್ದೆಲ್ಲ ನಾನೇ. ಆಮೇಲೆ ಬೂಟಿನ ಮೇಲ್ಭಾಗವನ್ನೂ ನಾನೇ ಹೊಲಿದೆ. ಅದನ್ನು ಹಾಕಿಕೊಂಡು ನಿಡುಗಲ್ಲಿನ ಬೆಟ್ಟವನ್ನು ಅರ್ಧದವರೆಗೆ ಹತ್ತಿ ಇಳಿದೆ. ಪೂರ್ತಿ ಹತ್ತಲಾರದೆ ಹೋದದ್ದಕ್ಕೆ ಕಾರಣ ದಮ್ಮು, ಕಾಲಲ್ಲ.

ಯುದ್ಧದ ಕಾಲದಲ್ಲಿ, ಇದ್ದಿಲ ಗ್ಯಾಸಿನ ಬಸ್ಸುಗಳು ಏರಿನಲ್ಲಿ ನಿಂತು ನಿಂತು ಹೋಗುತ್ತಿದ್ದ ದಿನಗಳಲ್ಲಿ, ಊರಿಗೆ ಹೊರಟವಳು ಬೇಕೆಂದೇ ಸುತ್ತು ಹಾಕಿ ಶಿರಾದಲ್ಲಿ ಇಳಿದೆ. ಸಾಬರು ತೀರಿಹೋಗಿದ್ದರು. ಖಾಲಾ ಜಗುಲಿಯಲ್ಲಿ ಒಬ್ಬರೇ ಕೂತು ಎತ್ತಿನ ಕೊರಳಪಟ್ಟಿ ಹೊಲಿಯುತ್ತಿದ್ದರು. ಕಣ್ಣು ಮಂಜಾಗಿತ್ತು, ನೂಲನ್ನು ನಾಲಿಗೆಯ ತುದಿಯಿಂದ ದಬ್ಬಳದ ಕಣ್ಣಿಗೆ ಪೋಣಿಸುತ್ತಿದ್ದರು. ನನ್ನ ನಡಿಗೆಯ ಸದ್ದಿನಿಂದಲೇ ಗುರುತು ಹಿಡಿದರು. ಕಾಲನ್ನು ಮುಂದಕ್ಕೆ ಚಾಚಲು ಹೇಳಿ, ಪಟ್ಟಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ತಪ್ಪು ಒಂದನ್ನೂ ತೋರಿಸಲಿಲ್ಲ. ಅವರು ಏನೂ ಹೇಳದೆ ಬಿಟ್ಟ ಕೆಲಸವನ್ನು ನಾನು ಅದೇ ಮೊದಲು ಕಂಡೆ.

ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ. ಆ ಬೆನ್ನಿನ ಚರ್ಮವನ್ನು ನನಗೆ ಕೊಡದೆ ಇಟ್ಟುಕೊಂಡಿದ್ದರೆ ಜೋಡಿದಾರರು ಬೀಳುತ್ತಿರಲಿಲ್ಲ, ನೀವು ಅಷ್ಟು ಜನರ ಮುಂದೆ ನಿಲ್ಲಬೇಕಾಗಿರಲಿಲ್ಲ, ನನ್ನಿಂದಲೇ ಆಯಿತಲ್ಲ ಖಾಲಾ ಅಂದೆ.

ಅವರು ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ಜೋಡಿದಾರ್ರಿಗೆ ಹದಿನೈದು ದಿನ ತಡೀರಿ ಅನ್ಬೇಕಿತ್ತು. ಹಳೇ ಗಿರಾಕಿ, ಮುಖ ನೋಡ್ಬುಟ್ಟೆ, ಅನ್ಲಿಲ್ಲ. ತಪ್ಪಾಗಿದ್ದು ಅಲ್ಲಿ" ಅಂದರು. ಎರಡು ಕೈಗಳಿಂದಲೂ ನೂಲನ್ನು ಬಿಗಿಯಾಗಿ ಎಳೆದರು. "ನಿಂಗೆ ಕೊಟ್ಟಿದ್ದು ತಪ್ಪಲ್ಲ. ಕುದುರೆಗೆ ನಾಕು ಕಾಲು ಕಣಮ್ಮ. ಜೋಡಿದಾರ್ರಿಗೆ ಎರಡು. ನಿಂಗೆ ಒಂದೇ ಇತ್ತು."